ಶಿಕ್ಷೆ ಹಗುರವಾದಾಗ ಹೆತ್ತವರು ಎಲ್ಲಿಗೆ ಹೋಗಬೇಕು?



ಮಠದ ಪಾಠಶಾಲೆಯಲ್ಲಿ ನಾವು ಕಾವ್ಯಾಭ್ಯಾಸ ಮಾಡುತ್ತಿದ್ದ ದಿನಗಳಲ್ಲಿ ಷಡಕ್ಷರದೇವನ ‘ರಾಜಶೇಖರ ವಿಳಾಸ’ದ ಪಾಠ ಒಂದು ಸಂದರ್ಭಕ್ಕೆ ಬಂದು ಮುಟ್ಟಿದಾಗ ನಮ್ಮ ಗುರುಗಳು ಪುಸ್ತಕ ಮಡಿಸಿಟ್ಟು ಸ್ವಲ್ಪ ಹೊತ್ತು ಮೌನವಾಗಿ ಕುಳಿತುಬಿಡುತ್ತಿದ್ದರು. ಹದಿನೇಳನೆಯ ಶತಮಾನದ ಈ ಚಂಪೂ ಕಾವ್ಯದ ಕಥೆಯನ್ನು ನಮ್ಮ ಹಿರಿಯ ಓದುಗರು ಬಲ್ಲರು. ಸತ್ಯೇಂದ್ರಚೋಳನೆಂಬ ಅರಸ. ಅವನ ಮಗ ರಾಜಶೇಖರ. ಮಗನ ಗೆಳೆಯ ಮಂತ್ರಿಕುಮಾರ. ಯೌವನದ ಮದ, ಕಾಲ ಕೆಳಗೆ ಉತ್ತಮ ಜಾತಿಯ ಕುದುರೆ, ಎದುರಿಗೆ ಊರ ಬೀದಿ. ಕುದುರೆಯ ಕಾಲ್ತುಳಿತಕ್ಕೆ ಸಿಕ್ಕಿ ತಿರುಕೊಳವಿನಾಚಿ ಎಂಬ ಶಿವಭಕ್ತೆಯ ಎಳೆಯ ಮಗ ಪ್ರಾಣ ಬಿಡುತ್ತಾನೆ. ಆ ತಾಯಿ ಮಗನ ಮೇಲೆ ಬಿದ್ದು ಹೊರಳಾಡಿ ಅತ್ತ ಭಾಗವನ್ನು ಕನ್ನಡದ ಕರುಣರಸಕ್ಕೆ ಉದಾಹರಣೆಯಾಗಿ ಪಂಡಿತರು ಇಂದಿಗೂ ಎತ್ತಿ ಹೇಳುತ್ತಾರೆ. ಆದರೆ ಆಕೆ ಅತ್ತು ಸುಮ್ಮನಾಗಲಿಲ್ಲ. ನ್ಯಾಯ ಬೇಡಿ ಅರಸನಲ್ಲಿಗೆ ಹೋದಳು. ಅರಸನು ತನ್ನ ಮಗನೆಂದು ನೋಡದೆ ತೀರ್ಪು ಕೊಟ್ಟನು. ಕೊನೆಯಲ್ಲಿ ಶಿವನ ಕೃಪೆಯಿಂದ ಸತ್ತವರು ಬದುಕಿದರು.

ಪಾಠ ಮುಂದುವರಿಸುವ ಮುನ್ನ ಗುರುಗಳು ನಮ್ಮನ್ನು ಕೇಳುತ್ತಿದ್ದರು: ‘ಈ ತಾಯಿ ಅರಮನೆಗೆ ಹೋದದ್ದು ಸೇಡಿಗಾಗಿಯೋ, ನ್ಯಾಯಕ್ಕಾಗಿಯೋ?’ ನಾವು ಹುಡುಗರು ‘ನ್ಯಾಯಕ್ಕಾಗಿ’ ಎಂದು ಒಕ್ಕೊರಲಿನಿಂದ ಹೇಳಿ ಮುಂದಿನ ಪದ್ಯಕ್ಕೆ ಹೋಗುತ್ತಿದ್ದೆವು. ಆ ಪ್ರಶ್ನೆಗೆ ಅಷ್ಟು ಸುಲಭವಾದ ಉತ್ತರವಿಲ್ಲವೆಂಬುದು ನಮಗೆ ತಿಳಿದದ್ದು ಅರವತ್ತು ದಾಟಿದ ಮೇಲೆ, ನಮ್ಮ ಮನೆಯ ಜಗಲಿಯ ಮೇಲೆ.

ಹುಲಕೋಟಿಯ ಆಸುಪಾಸಿನ ಒಂದು ಹಳ್ಳಿಯಿಂದ ದಂಪತಿಗಳಿಬ್ಬರು ಒಂದು ಮುಂಜಾನೆ ನಮ್ಮನ್ನು ಕಾಣಲು ಬಂದರು. ಅವರ ಹೆಸರು, ಊರು ಇಲ್ಲಿ ಬೇಡ. ಎರೆಯ ಹೊಲದಲ್ಲಿ ಹತ್ತಿ, ಕಡಲೆ ಬೆಳೆದು ಬದುಕುವ ಮನೆತನ. ತಂದೆಯ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ನ್ಯಾಯಾಲಯದ ತೀರ್ಪಿನ ನಕಲು. ಅವರ ಮಗ ಒಂದು ಸಂಜೆ ಹೊಲದ ಕೆಲಸ ಮುಗಿಸಿ ಸೈಕಲ್ಲಿನ ಮೇಲೆ ರಸ್ತೆಯ ಅಂಚಿನಲ್ಲಿ ಮನೆಗೆ ಬರುತ್ತಿದ್ದನು. ಮುಂದಿದ್ದ ವಾಹನವನ್ನು ಹಿಂದೆ ಹಾಕುವ ಆತುರದಲ್ಲಿ ಎದುರಿನಿಂದ ಬಂದ ಕಾರೊಂದು ತನ್ನ ಬದಿ ಬಿಟ್ಟು ಪೂರ್ತಿ ಈಚೆಗೆ ನುಗ್ಗಿತು. ಆಸ್ಪತ್ರೆಗೆ ಒಯ್ಯುವ ಮೊದಲೇ ಎಲ್ಲವೂ ಮುಗಿದಿತ್ತು. ಮೊಕದ್ದಮೆ ನಾಲ್ಕು ವರ್ಷ ನಡೆಯಿತು. ಕಾರು ನಡೆಸುತ್ತಿದ್ದ ತರುಣ ತಪ್ಪಿತಸ್ಥನೆಂದು ಸಾಬೀತಾಯಿತು. ವಿಧಿಸಿದ ಶಿಕ್ಷೆ ಯಾವುದು? ಅಂದಿನ ಕಲಾಪ ಮುಗಿದು ನ್ಯಾಯಾಧೀಶರು ಏಳುವವರೆಗೆ ನ್ಯಾಯಾಲಯದಲ್ಲಿ ಕುಳಿತಿರುವುದು, ಮತ್ತು ಕೆಲವು ಸಾವಿರ ರೂಪಾಯಿ ದಂಡ. ಸಂಜೆ ಐದೂವರೆಗೆ ಆ ತರುಣ ಮನೆಗೆ ಹೋದ.

‘ಅಜ್ಜಾರ, ನಮ್ಮ ಎತ್ತು ಸತ್ತಿದ್ರ ಇದಕ್ಕಿಂತ ಹೆಚ್ಚಿಗಿ ಬೆಲಿ ಕಟ್ಟತಿದ್ರಲ್ರೀ’ ಎಂದರು ತಂದೆ. ಮೇಲಿನ ಕೋರ್ಟಿಗೆ ಹೋಗಬೇಕೆಂದು ಅವರ ಮನಸ್ಸು. ಊರಿನವರೆಲ್ಲ ಬೇಡವೆನ್ನುತ್ತಿದ್ದರು. ನಮ್ಮ ಮಾತನ್ನು ಕೇಳಿ ನಿಶ್ಚಯಿಸೋಣವೆಂದು ಬಂದಿದ್ದರು.

ನಾವು ಏನು ಹೇಳಿದೆವು? ಇದನ್ನು ಬರೆಯಲು ನಮಗೆ ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ಹೋದ ಜೀವ ಮರಳಿ ಬಾರದೆಂದೆವು. ದಯೆಗಿಂತ ದೊಡ್ಡದಿಲ್ಲವೆಂದೆವು. ವೈರ ಬೆಳೆಸಿದರೆ ಎರಡು ಮನೆಗಳು ಸುಡುತ್ತವೆಂದೆವು. ಕ್ಷಮಿಸಿಬಿಡಿರೆಂದೆವು. ಇಷ್ಟು ಹೊತ್ತೂ ತುಟಿ ಬಿಚ್ಚದೆ ಕುಳಿತಿದ್ದ ತಾಯಿ ಎದ್ದು ಸೆರಗು ಸರಿಪಡಿಸಿಕೊಳ್ಳುತ್ತ ಒಂದೇ ಮಾತು ಹೇಳಿದಳು: ‘ಕ್ಷಮಾ ಮಾಡ್ರಿ ಅಂತ ಅವರು ನಮ್ಮನ್ನ ಕೇಳೇ ಇಲ್ರೀ, ಅಜ್ಜಾರ.’

ಅವರು ಹೋದ ಮೇಲೆ ಆ ಮಾತು ನಮ್ಮನ್ನು ಬಿಡಲಿಲ್ಲ. ಕ್ಷಮೆಯ ಅಧಿಕಾರ ನೊಂದವರದು. ನೊಂದವರನ್ನು ಯಾರೂ ಕೇಳದಿರುವಾಗ ಊರಿನ ಹಿರಿಯರೋ ನಾವೋ ಅವರ ಪರವಾಗಿ ಕ್ಷಮಿಸಿಬಿಡುವುದು ದಯೆಯಲ್ಲ. ಪರರ ಸೊತ್ತನ್ನು ದಾನಮಾಡಿ ತಾನು ದಾನಿಯೆನಿಸಿಕೊಳ್ಳುವಂಥ ಕಾರ್ಯ. ಹತ್ತು ದಿನಗಳ ತರುವಾಯ ನಮ್ಮಲ್ಲಿ ಹಿಂದೆ ಪಾಠ ಹೇಳಿಸಿಕೊಂಡು ಈಗ ವಕೀಲಿ ಮಾಡುತ್ತಿರುವ ಶಿಷ್ಯರೊಬ್ಬರು ಕಾಣಲು ಬಂದಾಗ ಈ ಸಂಗತಿಯನ್ನು ಪ್ರಸ್ತಾಪಿಸಿದೆವು. ಅವರು ಮೊದಲು ಕೇಳಿದ್ದು ‘ತೀರ್ಪು ಬಂದು ಎಷ್ಟು ದಿನವಾಯಿತು?’ ಎಂದು. ಎಣಿಸಿ ನೋಡಿದರೆ 17 ದಿನ. ‘ಅಯ್ಯೋ, 30 ದಿನದ ಅವಧಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆಯಿತಲ್ಲ’ ಎಂದರು. ನಮ್ಮ ಉಪದೇಶದ ಬೆಲೆ ಹತ್ತು ದಿನ! ಅಂದು ಅವರಿಂದ ಕೇಳಿ ತಿಳಿದದ್ದನ್ನೂ ಆಮೇಲೆ ನಾವಾಗಿ ಓದಿ ಅರಿತದ್ದನ್ನೂ ಈ ತಿಂಗಳು ತಮ್ಮ ಮುಂದಿಡುತ್ತಿದ್ದೇವೆ. ಇಂಥ ದುಃಖ ಯಾರ ಮನೆಗೂ ಬಾರದಿರಲಿ. ಬಂದರೆ ದಾರಿ ಗೊತ್ತಿಲ್ಲದೆ ದಿನ ಕಳೆಯುವ ದುರ್ಗತಿ ಬರುವುದು ಬೇಡ.

ಮೊದಲು ಕಾನೂನಿನ ಮೂಲವನ್ನು ನೋಡೋಣ. ಅಜಾಗರೂಕತೆಯಿಂದ ಸಾವನ್ನುಂಟುಮಾಡುವ ಅಪರಾಧವನ್ನು ಭಾರತೀಯ ದಂಡ ಸಂಹಿತೆಯಲ್ಲಿ 304-ಎ ಎಂಬ ಕಲಮಿನಿಂದ ಸೇರಿಸಿದ್ದು 1870ರಲ್ಲಿ. ಆಗ ನಮ್ಮ ನಾಡಿನ ರಸ್ತೆಗಳಲ್ಲಿದ್ದವು ಚಕ್ಕಡಿ, ಟಾಂಗಾ, ಕುದುರೆ ಮಾತ್ರ. ಗರಿಷ್ಠ ಶಿಕ್ಷೆ ಎರಡು ವರ್ಷದ ಸೆರೆ, ಇಲ್ಲವೆ ದಂಡ, ಇಲ್ಲವೆ ಎರಡೂ. ಕನಿಷ್ಠ ಶಿಕ್ಷೆಯೆಂಬುದು ಇರಲೇ ಇಲ್ಲ. ಚಕ್ಕಡಿ ಹೋಗಿ ಮೋಟಾರು ಬಂದಿತು. ಮಣ್ಣಿನ ದಾರಿ ಹೋಗಿ ಹೆದ್ದಾರಿ ಬಂದಿತು. ಹುಬ್ಬಳ್ಳಿಯಿಂದ ಗದಗ, ಕೊಪ್ಪಳ, ಬಳ್ಳಾರಿಗಳತ್ತ ಹೋಗುವ, ಹುಲಕೋಟಿಯವರು ದಿನವೂ ಕಾಣುವ ಹೆದ್ದಾರಿಯೇ ಮೊದಲು 63, ಅನಂತರ 67 ಎಂದು ಸಂಖ್ಯೆ ಬದಲಿಸಿಕೊಂಡು ಅಗಲವಾಯಿತು. ಎರಡು ವರ್ಷವೆಂಬ ಆ ಮೇರೆ ಮಾತ್ರ ಒಂದೂವರೆ ಶತಮಾನ ಅಲುಗಲಿಲ್ಲ. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು, ಅದರ 106ನೆಯ ಕಲಮು ಗರಿಷ್ಠ ಶಿಕ್ಷೆಯನ್ನು ಐದು ವರ್ಷಕ್ಕೆ ಏರಿಸಿತು. ಅಪಘಾತ ಮಾಡಿ ಸುದ್ದಿ ತಿಳಿಸದೆ ಓಡಿಹೋದವರಿಗೆ ಹತ್ತು ವರ್ಷದವರೆಗೆ ಸೆರೆಯೆಂಬ ಇನ್ನೊಂದು ಉಪಕಲಮೂ ಅದರಲ್ಲಿತ್ತು. 2024ರ ಜನವರಿಯಲ್ಲಿ ಲಾರಿ ಚಾಲಕರು ದೇಶದಾದ್ಯಂತ ಮುಷ್ಕರ ಹೂಡಿದರು. ಉಳಿದವು ಜಾರಿಗೆ ಬಂದ ದಿನ ಆ ಉಪಕಲಮನ್ನು ಮಾತ್ರ ತಡೆಹಿಡಿಯಲಾಯಿತು. ಹೊಸ ಸಂಹಿತೆಗೆ ಮುಂಚೆ ನಡೆದ ಅಪಘಾತಗಳಿಗೆ ಹಳೆಯ ಎರಡು ವರ್ಷದ ಮೇರೆಯೇ ಅನ್ವಯಿಸುತ್ತದೆ. ನಮ್ಮ ಜಗಲಿಗೆ ಬಂದವರ ಮೊಕದ್ದಮೆಯೂ ಅಂಥದೇ.

ಕೇಂದ್ರ ಸರ್ಕಾರ ಪ್ರಕಟಿಸಿದ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಪ್ರಾಣ ಬಿಟ್ಟವರು 1,68,491 ಮಂದಿ. ಇವೆಲ್ಲವೂ ಅಪರಾಧಗಳಲ್ಲ, ರಸ್ತೆಯ ದೋಷ, ವಾಹನದ ದೋಷ, ಸತ್ತವನದೇ ಅವಸರ ಕಾರಣವಾದವೂ ಇವೆ. ಆದರೆ ಅಪರಾಧವೆಂದು ಸಾಬೀತಾದ ಮೇಲೂ ಶಿಕ್ಷೆ ಹೆಸರಿಗೆ ಮಾತ್ರವಾದರೆ ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ನಮ್ಮ ಕರ್ನಾಟಕದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ ಸಿಕ್ಕಿದೆ. ಮೋಟಾರು ವಾಹನದ ಚಾಲಕನೊಬ್ಬನ ಅಜಾಗರೂಕತೆಯಿಂದ ಸಾವು ಸಂಭವಿಸಿತ್ತು. 304-ಎ ಕಲಮಿನ ಅಪರಾಧಕ್ಕೆ ಅವನಿಗೆ ವಿಧಿಸಿದ್ದು 250 ರೂಪಾಯಿ ದಂಡ. ರಾಜ್ಯ ಸರ್ಕಾರ ಸುಮ್ಮನಾಗದೆ ಆ ಶಿಕ್ಷೆ ಸಾಲದೆಂದು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1987ರಲ್ಲಿ ಆ ನ್ಯಾಯಾಲಯ ಶಿಕ್ಷೆಯನ್ನು ಆರು ತಿಂಗಳ ಕಠಿಣ ಸೆರೆಗೂ 1,000 ರೂಪಾಯಿ ದಂಡಕ್ಕೂ ಏರಿಸಿತು. ಶಿಕ್ಷೆ ತಗ್ಗಿಸುವ ಕಾರಣವೇನೂ ಇಲ್ಲದಿರುವಾಗ ಇಷ್ಟು ಅಲ್ಪ ದಂಡ ವಿಧಿಸಿದರೆ ಯಾರ ಅಂತಃಕರಣವೂ ಬೆಚ್ಚುವುದೆಂದೂ, ವಿಚಾರಣೆಯೇ ಅಪಹಾಸ್ಯವೆನಿಸುವುದೆಂದೂ, ಅಸ್ಥಾನದ ಅನುಕಂಪದಿಂದ ನ್ಯಾಯದ ಮೇಲಿನ ಜನರ ನಂಬಿಕೆ ಕುಸಿಯುವುದೆಂದೂ ನ್ಯಾಯಮೂರ್ತಿಗಳು ತಮ್ಮ ತೀರ್ಪಿನಲ್ಲಿ ಅಭಿಪ್ರಾಯಪಟ್ಟರು. 2002ರಲ್ಲಿ ಕರ್ನಾಟಕ ರಾಜ್ಯವೇ ಕಕ್ಷಿಯಾಗಿದ್ದ ಇನ್ನೊಂದು ಮೊಕದ್ದಮೆಯಲ್ಲಿಯೂ, ಬೇಜವಾಬ್ದಾರಿಯಿಂದ ವಾಹನ ನಡೆಸಿ ತಪ್ಪಿತಸ್ಥರಾದವರು ಹಗುರವಾಗಿ ಪಾರಾಗದಂತೆ ನ್ಯಾಯಾಲಯಗಳು ಎಚ್ಚರ ವಹಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು.

2015ರಲ್ಲಿ ಪಂಜಾಬಿನಿಂದ ಬಂದ ಮೊಕದ್ದಮೆಯೊಂದು ನಮ್ಮ ಹಳ್ಳಿಗಳಿಗೆ ಇನ್ನೂ ಹತ್ತಿರದ್ದು. ಕೆಳಗಿನ ನ್ಯಾಯಾಲಯ ವಿಧಿಸಿದ್ದ ಒಂದು ವರ್ಷದ ಸೆರೆಯನ್ನು ಅಲ್ಲಿನ ಉಚ್ಚ ನ್ಯಾಯಾಲಯ ಅಪರಾಧಿ ಅದಾಗಲೇ ಕಳೆದಿದ್ದ 24 ದಿನಗಳಿಗೆ ಇಳಿಸಿತ್ತು. ಸತ್ತವರ ಮನೆಯವರಿಗೆ ಪರಿಹಾರ ಕೊಟ್ಟಿದ್ದಾನೆಂಬುದು ಕಾರಣ. ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪದೆ ಆರು ತಿಂಗಳ ಸೆರೆ ವಿಧಿಸಿತು. ಹಣ ಕೊಟ್ಟ ಮಾತ್ರಕ್ಕೆ ಶಿಕ್ಷೆ ಕರಗಿಹೋಗದೆಂಬುದು ಅದರ ತಾತ್ಪರ್ಯ. ಈ ಅಪರಾಧದ ಶಿಕ್ಷೆಯ ಮೇರೆಯನ್ನೇ ಶಾಸನಕರ್ತರು ಮತ್ತೆ ಪರಿಶೀಲಿಸಬೇಕೆಂದೂ ಆ ತೀರ್ಪು ಹೇಳಿತು.

ಮುಂಬಯಿಯ ಕಾರ್ಟರ್ ರಸ್ತೆಯ ಪ್ರಕರಣವನ್ನೂ ಇಲ್ಲಿ ನೆನೆಯಬೇಕು. 2006ರ ನವೆಂಬರಿನ ಒಂದು ರಾತ್ರಿ ಪಾದಚಾರಿ ಮಾರ್ಗದ ಮೇಲೆ ಮಲಗಿದ್ದ ಕೂಲಿಕಾರರ ಮೇಲೆ ಕಾರು ಹರಿದು ಏಳು ಜನ ಸತ್ತರು. ದುಡಿದು ದಣಿದು ಮಲಗಿದ್ದ ಬಡವರು ಅವರು. ಮರುವರ್ಷ ಸೆಷನ್ಸ್ ನ್ಯಾಯಾಲಯ ಕೊಟ್ಟದ್ದು ಆರು ತಿಂಗಳ ಸೆರೆ ಮತ್ತು ದಂಡ. ಪ್ರಕರಣ ಉಚ್ಚ ನ್ಯಾಯಾಲಯವನ್ನು ತಲುಪಿ ಅದೇ ವರ್ಷ ಶಿಕ್ಷೆ ಮೂರು ವರ್ಷಕ್ಕೆ ಏರಿತು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಮೊದಲ ತೀರ್ಪೇ ಕೊನೆಯೆಂದು ಎಲ್ಲರೂ ಕೈಕಟ್ಟಿ ಕುಳಿತಿದ್ದರೆ ಆ ಏಳು ಜೀವಗಳ ಲೆಕ್ಕ ಆರು ತಿಂಗಳಲ್ಲಿ ಮುಗಿದುಹೋಗುತ್ತಿತ್ತು.

ಇನ್ನು ದಾರಿಯ ವಿಚಾರ. ಸಾಮಾನ್ಯ ಜನರಿಗೆ ತಿಳಿಯದಿರುವುದು ಇದೇ; ನಮಗೂ ತಿಳಿದಿರಲಿಲ್ಲ. ಶಿಕ್ಷೆ ಸಾಲದೆಂಬ ಕಾರಣಕ್ಕೆ ಮೇಲ್ಮನವಿ ಹೂಡುವ ಅಧಿಕಾರ ರಾಜ್ಯ ಸರ್ಕಾರದ್ದೇ ಹೊರತು ಸತ್ತವರ ಮನೆಯವರದಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 377ನೆಯ ಕಲಮೂ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 418ನೆಯ ಕಲಮೂ ಹೇಳುವುದು ಇದನ್ನೇ. ಮ್ಯಾಜಿಸ್ಟ್ರೇಟರು ಕೊಟ್ಟ ಶಿಕ್ಷೆಯಾದರೆ ಮೇಲ್ಮನವಿ ಜಿಲ್ಲೆಯ ಸೆಷನ್ಸ್ ನ್ಯಾಯಾಲಯಕ್ಕೆ ಹೋಗುತ್ತದೆ. ಅವಧಿ 30 ದಿನ. ಸೆಷನ್ಸ್ ನ್ಯಾಯಾಲಯವೇ ಕೊಟ್ಟ ಶಿಕ್ಷೆಯಾದರೆ ಉಚ್ಚ ನ್ಯಾಯಾಲಯಕ್ಕೆ. ಅವಧಿ 60 ದಿನ. ತೀರ್ಪಿನ ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳು ಈ ಎಣಿಕೆಯಲ್ಲಿ ಸೇರುವುದಿಲ್ಲ. ತಡವಾದರೆ ತಕ್ಕ ಕಾರಣ ತೋರಿಸಿ ಮನ್ನಿಸಬೇಕೆಂದು ಕೇಳಬಹುದು; ಮನ್ನಿಸುವುದು ಬಿಡುವುದು ನ್ಯಾಯಾಲಯದ ಇಷ್ಟ.

2009ರ ಕೊನೆಯ ದಿನದಿಂದ ನೊಂದವರಿಗೂ ಒಂದು ಮೇಲ್ಮನವಿಯ ಹಕ್ಕು ಬಂದಿದೆ. ಆದರೆ ಅದು ಮೂರು ಸಂದರ್ಭಗಳಿಗೆ ಮಾತ್ರ: ಆರೋಪಿಯನ್ನು ಖುಲಾಸೆ ಮಾಡಿದಾಗ, ಕಡಿಮೆ ತೂಕದ ಅಪರಾಧಕ್ಕೆ ತಪ್ಪಿತಸ್ಥನೆಂದಾಗ, ಪರಿಹಾರ ಸಾಲದಾದಾಗ. ಶಿಕ್ಷೆ ಕಡಿಮೆಯಾಯಿತೆಂಬ ಕಾರಣಕ್ಕೆ ಆ ಹಕ್ಕು ದೊರೆಯದೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಹಾಗಾದರೆ ಹೆತ್ತವರು ಮಾಡಬೇಕಾದುದೇನು? ಎರಡು ಕಾರ್ಯ. ಮೊದಲನೆಯದು, ತೀರ್ಪಿನ ನಕಲಿನೊಡನೆ ಒಂದು ಅರ್ಜಿ ಬರೆದು ಮೊಕದ್ದಮೆ ನಡೆಸಿದ ಸರ್ಕಾರಿ ಅಭಿಯೋಜಕರಿಗೆ ತಡಮಾಡದೆ ಕೊಟ್ಟು, ಸರ್ಕಾರ ಮೇಲ್ಮನವಿ ಹೂಡಬೇಕೆಂದು ಕೇಳಿಕೊಳ್ಳುವುದು; ಅದರ ಒಂದು ಪ್ರತಿಯನ್ನು ಕಾನೂನು ಇಲಾಖೆಗೂ ಕಳಿಸುವುದು. 2023ರ ಮೇ ತಿಂಗಳಲ್ಲಿ ರಾಜ್ಯದ ಕಾನೂನು ಖಾತೆ ವಹಿಸಿಕೊಂಡ ಎಚ್.ಕೆ. ಪಾಟೀಲರು ಹುಲಕೋಟಿಯ ಮನೆತನದವರೇ ಆದರೂ, ಕಾಗದ ಹೋಗಬೇಕಾದ ಕ್ರಮದಲ್ಲಿಯೇ ಹೋಗಬೇಕು, ಊರಿನ ಸಲಿಗೆಯಿಂದಲ್ಲ. ಎರಡನೆಯದು, ವಕೀಲರು ರಿವಿಜನ್ ಎಂದು ಕರೆಯುವ ಪುನರೀಕ್ಷಣಾ ಅರ್ಜಿ. ಅದನ್ನು ಮನೆಯವರೇ ತಮ್ಮ ಹೆಸರಿನಲ್ಲಿ ಸಲ್ಲಿಸಬಹುದು. ಅವಧಿ 90 ದಿನ. ಸೆಷನ್ಸ್ ನ್ಯಾಯಾಲಯಕ್ಕೂ ಉಚ್ಚ ನ್ಯಾಯಾಲಯಕ್ಕೂ ಆ ಅಧಿಕಾರವಿದೆ. ಹಿಂದೆ ಉಚ್ಚ ನ್ಯಾಯಾಲಯವೆಂದರೆ ಈ ಭಾಗದವರು ರಾತ್ರಿಯಿಡೀ ಪ್ರಯಾಣ ಮಾಡಿ ಬೆಂಗಳೂರಿಗೆ ಹೋಗಬೇಕಾಗಿತ್ತು. 2008ರಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬಂದು, 2013ರಲ್ಲಿ ಅದು ಕಾಯಂ ಪೀಠವಾದ ಮೇಲೆ ಹುಲಕೋಟಿಯವರು ಮುಂಜಾನೆ ಹೋಗಿ ಸಂಜೆಗೆ ಮನೆ ಸೇರಬಹುದು.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಕೈಬಿಡುವವರಿಗೆ ಇನ್ನೊಂದು ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದಂತೆ ಸ್ತ್ರೀಯರಿಗೆ ಆದಾಯದ ಮಿತಿಯನ್ನು ಕೇಳದೆ ಉಚಿತ ವಕೀಲರ ನೆರವು ದೊರೆಯುತ್ತದೆ. ತಾಯಿಯೋ ಹೆಂಡತಿಯೋ ಅರ್ಜಿದಾರಳಾದರೆ ತಾಲ್ಲೂಕಿನ ಕಾನೂನು ಸೇವಾ ಸಮಿತಿಯ ಬಾಗಿಲು ತಟ್ಟಬಹುದು.

ಇಂಗ್ಲೆಂಡಿನಲ್ಲಿ ಬೇರೊಂದು ಪದ್ಧತಿಯಿದೆ. 1988ರ ಅಲ್ಲಿನ ಕಾಯಿದೆಯಂತೆ, ಅಪಾಯಕರ ಚಾಲನೆಯಿಂದ ಸಾವು ತಂದಂಥ ಘೋರ ಅಪರಾಧಕ್ಕೆ ಶಿಕ್ಷೆ ತೀರ ಕಡಿಮೆಯಾಯಿತೆಂದು ಕಂಡರೆ ಮನೆಯವರೇ ಏಕೆ, ಪತ್ರಿಕೆಯಲ್ಲಿ ಓದಿದ ಯಾವನೊಬ್ಬ ನಾಗರಿಕನೂ ದೇಶದ ಅಟಾರ್ನಿ ಜನರಲ್ಲರಿಗೆ ಬರೆಯಬಹುದು. ತೀರ್ಪಿನ 28 ದಿನಗಳೊಳಗೆ ಅವರು ನಿಶ್ಚಯಿಸಿ ಮೇಲಿನ ನ್ಯಾಯಾಲಯಕ್ಕೆ ಒಯ್ಯಬೇಕು. ಅಲ್ಲಿಯೂ ಕೊನೆಯ ಮಾತು ಸರ್ಕಾರದ ಕಡೆಯ ಅಧಿಕಾರಿಯದೇ. ಆದರೆ ‘ನೀವು ಕೇಳಬಹುದು, ಹೀಗೆ ಕೇಳಬಹುದು, ಇಷ್ಟು ದಿನದೊಳಗೆ ಕೇಳಬಹುದು’ ಎಂಬುದು ಅಲ್ಲಿ ಕಾನೂನಿನಿಂದಲೇ ಗೊತ್ತಾದ ಕ್ರಮ. ನಮ್ಮಲ್ಲಿ ತೀರ್ಪಿನ ದಿನ ನ್ಯಾಯಾಲಯದ ಮೆಟ್ಟಿಲಿಳಿದ ತಂದೆತಾಯಿಗೆ ಇಷ್ಟನ್ನು ಹೇಳಿಕೊಡುವ ಒಂದು ವ್ಯವಸ್ಥೆಯಾದರೂ ಸಾಕಾಗಿತ್ತು.

ದಾರಿ ಹೇಳುವವರು ದಾರಿಯ ಮುಳ್ಳುಗಳನ್ನೂ ಹೇಳಬೇಕು. ಶಿಕ್ಷೆ ಏರಿಸಬೇಕೆಂದು ಕೇಳಿದಾಗ ಅಪರಾಧಿಗೆ ತನ್ನ ಮಾತು ಹೇಳುವ ಅವಕಾಶ ಕೊಡಲೇಬೇಕು. ಸರ್ಕಾರದ ಮೇಲ್ಮನವಿಯಲ್ಲಿ ಅವನು ‘ನಾನು ತಪ್ಪೇ ಮಾಡಿಲ್ಲ’ವೆಂದು ವಾದಿಸಿ ಬಿಡುಗಡೆಯನ್ನೇ ಕೇಳಬಹುದು. ಇದ್ದದ್ದೂ ಹೋದೀತೆಂಬ ಭಯ ಅಸಹಜವಲ್ಲ. ಇನ್ನೊಂದು, ಗೆದ್ದರೂ ಹಳೆಯ ಪ್ರಕರಣಗಳಲ್ಲಿ ಎರಡು ವರ್ಷಕ್ಕಿಂತ ಹೆಚ್ಚಿಗೆ ಸಿಗದು. ಮೇಲೆ ಹೇಳಿದ 1987 ಮತ್ತು 2015ರ ತೀರ್ಪುಗಳಲ್ಲಿ ಸಿಕ್ಕದ್ದು ಆರು ತಿಂಗಳೇ. ಆರು ತಿಂಗಳ ಸೆರೆಯಿಂದ ಇಪ್ಪತ್ತಮೂರರ ಮಗನ ತೂಕ ಸರಿಹೋದೀತೆ? ಹೋಗದು. ಯಾವ ಶಿಕ್ಷೆಯಿಂದಲೂ ಹೋಗದು. ಹಾಗಾದರೆ ಹೋಗುವುದೇಕೆ?

ಇಲ್ಲಿಯೇ ಗುರುಗಳ ಪ್ರಶ್ನೆ ನಮಗೆ ಮತ್ತೆ ಎದುರಾಗುತ್ತದೆ. ಸೇಡು ಬಯಸುವವನು ಎದುರಾಳಿಯ ನೋವನ್ನು ಬಯಸುತ್ತಾನೆ; ಎಷ್ಟು ನೋವಾದರೂ ಅವನಿಗೆ ತೃಪ್ತಿಯಿಲ್ಲ. ನ್ಯಾಯ ಬೇಡುವವಳು ಒಂದು ಮಾತನ್ನು ಬಯಸುತ್ತಾಳೆ: ‘ಇಲ್ಲಿ ಒಂದು ಜೀವ ಹೋಯಿತು, ಅದು ಹೋದದ್ದು ಇವನ ತಪ್ಪಿನಿಂದ, ಅದು ಸಣ್ಣ ಸಂಗತಿಯಲ್ಲ’ ಎಂದು ಅರಸನ ಬಾಯಿಂದ, ಎಂದರೆ ನಾಡಿನ ಬಾಯಿಂದ ಬರಬೇಕಾದ ಮಾತು. ನಮ್ಮ ಕಾಲದಲ್ಲಿ ನಾಡು ಆ ಮಾತನ್ನು ಆಡುವುದು ಶಿಕ್ಷೆಯ ಮೂಲಕ. ಸಂಜೆ ಐದೂವರೆಯವರೆಗೆ ಕುಳಿತಿರು ಎಂದರೆ ನಾಡು ಆ ತಾಯಿಗೆ ಹೇಳಿದ್ದೇನು? ಆಕೆಯ ನೋವು ಅಪರಾಧಿ ಸುಖವಾಗಿದ್ದಾನೆಂಬುದಕ್ಕಲ್ಲ. ತನ್ನ ಮಗ ಲೆಕ್ಕಕ್ಕೆ ಬರಲಿಲ್ಲವೆಂಬುದಕ್ಕೆ.

ಹಾಗೆಂದು ದಯೆಗೆ ನ್ಯಾಯಾಲಯದಲ್ಲಿ ಸ್ಥಳವಿಲ್ಲವೆಂದು ನಾವು ಹೇಳುವುದಿಲ್ಲ. ಮಾಲೀಕನ ಒತ್ತಾಯಕ್ಕೆ ಎರಡು ರಾತ್ರಿ ನಿದ್ದೆಯಿಲ್ಲದೆ ಲಾರಿ ನಡೆಸಿದ ಬಡ ಚಾಲಕನೂ, ಮೋಜಿಗಾಗಿ ನೂರರ ವೇಗದಲ್ಲಿ ಕಾರು ಓಡಿಸಿದ ಸಿರಿವಂತರ ಮಗನೂ ಒಂದೇ ತಕ್ಕಡಿಯಲ್ಲಿ ತೂಗತಕ್ಕವರಲ್ಲ. ಗಾಯಾಳುವನ್ನು ತಾನೇ ಎತ್ತಿ ಆಸ್ಪತ್ರೆಗೆ ಒಯ್ದವನನ್ನೂ, ಹಿಂದಿರುಗಿ ನೋಡದೆ ಓಡಿದವನನ್ನೂ ಬೇರೆಬೇರೆಯಾಗಿಯೇ ಕಾಣಬೇಕು. ಅಪರಾಧಿಯೂ ಒಬ್ಬ ತಾಯಿಯ ಮಗ. ಆ ಮನೆಯಲ್ಲಿಯೂ ರಾತ್ರಿ ನಿದ್ದೆಯಿಲ್ಲ. ಶಿಕ್ಷೆ ಕಡಿಮೆ ಮಾಡುವುದಾದರೆ ಕಾರಣಗಳನ್ನು ಬರೆದು ತೋರಿಸಿ ಕಡಿಮೆ ಮಾಡಲಿ. ಆಗ ನೊಂದವರೂ ಅದನ್ನು ಓದಿ ಮನಸ್ಸಿಗೆ ತಂದುಕೊಂಡಾರು. ಕಾರಣವಿಲ್ಲದ ದಯೆ ಒಬ್ಬನ ಮೇಲಿನ ದಯೆ, ಮತ್ತೊಬ್ಬನ ಮೇಲಿನ ನಿರ್ದಯೆ.

ಈಗ ನ್ಯಾಯಾಲಯವನ್ನು ಬಿಟ್ಟು ನಮ್ಮ ಮನೆಗಳತ್ತ ತಿರುಗೋಣ. ಶಿಕ್ಷೆ ಹಗುರವಾಗುವುದು ನ್ಯಾಯಪೀಠದ ಮೇಲೆ ಮಾತ್ರವೇ? ಅದಕ್ಕಿಂತ ಎಷ್ಟೋ ಮೊದಲು ನಮ್ಮ ಪಡಸಾಲೆಯಲ್ಲಿಯೇ ಆಗುತ್ತದೆ. ಹದಿನಾರು ತುಂಬದ ಮಗನ ಕೈಗೆ ಮೋಟಾರ್‌ಸೈಕಲ್ಲಿನ ಕೀಲಿ ಕೊಟ್ಟು ‘ನಮ್ಮ ಹುಡುಗ ಭಾಳ ಚುರುಕು’ ಎಂದು ಬೀಗರೆದುರು ಹೊಗಳುವ ತಂದೆ ಯಾರು? ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ ಅಪ್ರಾಪ್ತ ವಯಸ್ಸಿನ ಹುಡುಗ ವಾಹನ ನಡೆಸಿ ಅಪರಾಧ ಮಾಡಿದರೆ ಅವನ ಪಾಲಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆಯೂ 25,000 ರೂಪಾಯಿ ದಂಡವೂ ಉಂಟು. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಹದಿನೇಳು ವರ್ಷದ ಹುಡುಗನೊಬ್ಬ ನಡೆಸುತ್ತಿದ್ದ ಭಾರಿ ಬೆಲೆಯ ಕಾರು ಬಡಿದು ಇಬ್ಬರು ಯುವ ಎಂಜಿನಿಯರರು ಸತ್ತರು. ಹುಡುಗನಿಗೆ ಜಾಮೀನು ಕೊಡುವಾಗ ರಸ್ತೆ ಅಪಘಾತಗಳ ಮೇಲೆ 300 ಪದಗಳ ಪ್ರಬಂಧ ಬರೆಯಬೇಕೆಂಬ ಷರತ್ತು ಹಾಕಿದ್ದನ್ನು ಕೇಳಿ ದೇಶವೇ ಸಿಡಿದೆದ್ದಿತು. ಸಿಡಿದದ್ದು ಸರಿಯೇ. ಆದರೆ ನಮ್ಮ ಊರಿನಲ್ಲಿ, ನಮ್ಮ ಬಳಗದ ಹುಡುಗನಿಂದ ಅಂಥದೇ ತಪ್ಪು ನಡೆದಾಗ ನಾವು ಸಿಡಿಯುವೆವೆ? ಇಲ್ಲ, ಹಿರಿಯರು ಕೂಡುತ್ತೇವೆ, ಸತ್ತವರ ಮನೆಗೆ ಹೋಗಿ ರಾಜಿ ಮಾಡಿಸುತ್ತೇವೆ, ಕಣ್ಣಾರೆ ಕಂಡ ಸಾಕ್ಷಿಯ ಕಿವಿಯಲ್ಲಿ ‘ನಿನಗ್ಯಾಕ ಬೇಕು ಉಸಾಬರಿ?’ ಎನ್ನುತ್ತೇವೆ. ಈ ಅಪರಾಧ ಕಾನೂನಿನ ಪ್ರಕಾರ ಕಕ್ಷಿಗಾರರು ತಮ್ಮತಮ್ಮಲ್ಲಿ ರಾಜಿ ಮಾಡಿಕೊಳ್ಳತಕ್ಕದ್ದಲ್ಲ. ಅಪಘಾತ ಪರಿಹಾರದ ದಾವೆಯೇ ಬೇರೆ, ಅಪರಾಧದ ಮೊಕದ್ದಮೆಯೇ ಬೇರೆ. ಪರಿಹಾರದ ಹಣ ಪಡೆದವರು ನ್ಯಾಯವನ್ನು ಮಾರಿದವರಲ್ಲ. ಅದು ಅವರ ಹಕ್ಕು. ಹಣ ಬಂತಲ್ಲ, ಇನ್ನೇನು ಬೇಕೆಂದು ಅವರನ್ನು ಹಂಗಿಸುವವರು ಇದನ್ನು ತಿಳಿಯಬೇಕು.

ಈ ನೆಲಕ್ಕೆ ಕೂಡಿ ಮಾಡುವ ಕೆಲಸದ ಹಿರಿಮೆಯನ್ನು ಯಾರೂ ಕಲಿಸಬೇಕಾಗಿಲ್ಲ. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿ ನಾಡಿಗೇ ಮೇಲ್ಪಂಕ್ತಿ ಹಾಕಿದರು. ಹುಲಕೋಟಿಯ ಕೆ.ಎಚ್. ಪಾಟೀಲರು ಅದೇ ಸಹಕಾರ ತತ್ತ್ವದಿಂದ ತಮ್ಮ ಹಳ್ಳಿಗೆ ಹೆಸರು ತಂದರು. ಒಬ್ಬ ರೈತನಿಂದ ಆಗದ ಕೆಲಸ ಹತ್ತು ಜನ ಕೂಡಿದರೆ ಆಗುವುದೆಂಬುದನ್ನು ಬಿತ್ತನೆ, ಸಾಲ, ಮಾರಾಟಗಳಲ್ಲಿ ಕಂಡುಕೊಂಡ ನಾವು ದುಃಖದ ವಿಷಯದಲ್ಲಿ ಮಾತ್ರ ಒಂದು ಮನೆಯನ್ನು ಒಂಟಿಯಾಗಿ ಬಿಡುವುದೇಕೆ? ಮೊಕದ್ದಮೆಯ ದಿನ ಆ ತಂದೆಯ ಜೊತೆ ನಾಲ್ಕು ಜನ ನ್ಯಾಯಾಲಯಕ್ಕೆ ಹೋಗಿ ಹಿಂದಿನ ಬೆಂಚಿನ ಮೇಲೆ ಸುಮ್ಮನೆ ಕುಳಿತುಕೊಳ್ಳಲಿ. ಸಾಕ್ಷಿ ಹೇಳಬೇಕಾದವನ ಹೊಲದ ಕೆಲಸವನ್ನು ಅಂದು ಬೇರೊಬ್ಬರು ನೋಡಿಕೊಳ್ಳಲಿ. ಅಕ್ಷರ ಬಲ್ಲ ತರುಣನೊಬ್ಬ ಅರ್ಜಿ ಬರೆದುಕೊಡಲಿ, ದಿನ ಎಣಿಸಿ ನೆನಪಿಸಲಿ. ಇದೂ ದಾಸೋಹವೇ.

ನಮ್ಮ ಜಗಲಿಗೆ ಬಂದಿದ್ದ ದಂಪತಿಗಳ ಮಾತು ಮುಗಿಸುತ್ತೇವೆ. ವಕೀಲ ಶಿಷ್ಯರನ್ನು ಕರೆದುಕೊಂಡು ಮರುದಿನವೇ ಅವರ ಮನೆಗೆ ಹೋದೆವು. ನಮ್ಮ ಮೊದಲಿನ ಮಾತು ತಪ್ಪಾಯಿತೆಂದು ಆ ತಾಯಿಯ ಎದುರಿಗೆ ಒಪ್ಪಿಕೊಂಡೆವು. ಗೆಲ್ಲುವ ಭರವಸೆ ಕೊಡಲಾರೆವೆಂದೂ, ಎದುರು ಪಕ್ಷದವರು ಬಿಡುಗಡೆಯನ್ನೇ ಕೇಳಬಹುದೆಂದೂ ಶಿಷ್ಯರು ವಿವರಿಸಿದರು. ಆಕೆ ಎಲ್ಲವನ್ನೂ ಕೇಳಿ, ಒಳಗೆ ಹೋಗಿ ಮಗನ ಭಾವಚಿತ್ರವನ್ನು ತಂದು ಅರ್ಜಿಯ ಪಕ್ಕದಲ್ಲಿಟ್ಟು ಹೆಬ್ಬೆಟ್ಟು ಒತ್ತಿದಳು. ಸರ್ಕಾರ ಮೇಲ್ಮನವಿ ಹೂಡಬೇಕೆಂಬ ಅರ್ಜಿ 30 ದಿನದೊಳಗೆ ಅಭಿಯೋಜಕರ ಕೈಸೇರಿತು. ಅದರ ಉತ್ತರಕ್ಕಾಗಿ ಕಾಯುತ್ತ ಕುಳಿತರೆ ಉಳಿದ ಅವಧಿಯೂ ಕಳೆದೀತೆಂದು ತಾಯಿಯ ಹೆಸರಿನಲ್ಲಿ ಪುನರೀಕ್ಷಣಾ ಅರ್ಜಿಯನ್ನೂ ಸಲ್ಲಿಸಲಾಗಿದೆ. ಅದು ಇನ್ನೂ ವಿಚಾರಣೆಯಲ್ಲಿರುವುದರಿಂದ ಹೆಚ್ಚಿಗೆ ಬರೆಯುವುದು ಉಚಿತವಲ್ಲ.

ಹೊರಡುವಾಗ ನಾವು ಆಕೆಯನ್ನು ಕೇಳಿದೆವು: ‘ತಾಯೀ, ಆ ಹುಡುಗ ನಾಳೆ ಬಂದು ಕಾಲಿಗೆ ಬಿದ್ದರೆ?’ ಆಕೆ ಬಹಳ ಹೊತ್ತು ಯೋಚಿಸಿದಳು. ‘ಬರಲಿ ಅಜ್ಜಾರ. ಬಂದ್ರ ಕುಂದ್ರಿಸಿ ನೀರು ಕೊಡತೇನಿ. ಕೋರ್ಟಿಂದು ಕೋರ್ಟ್ ಮಾಡಲಿ’ ಎಂದಳು.

ಕಾವ್ಯದಲ್ಲಿ ಶಿವನು ಬಂದು ಸತ್ತ ಮಗನನ್ನು ಎಬ್ಬಿಸಿ ಕೊಟ್ಟನು. ನಮ್ಮ ಕಾಲದ ತಾಯಂದಿರಿಗೆ ಆ ಭಾಗ್ಯವಿಲ್ಲ. ಅವರಿಗೆ ಉಳಿದಿರುವುದು ನ್ಯಾಯ ಬೇಡುವ ಹಕ್ಕೊಂದೇ. ಅದನ್ನೂ ದಯೆಯ ಹೆಸರಿನಲ್ಲಿ ನಾವು ಕಸಿದುಕೊಳ್ಳದಿರೋಣ.

ಶರಣು.